ಉಪೇಕ್ಷೆ ಸಾಕ್ಷ್ಯವಾಗದು

ದೆಹಲಿಯ ಪ್ರಗತಿ ಮೈದಾನದಲ್ಲಿ 2017ರ ಏಪ್ರಿಲ್ 23ರ ರಾತ್ರಿ ‘ಹಾಲ್ ಆಫ್ ನೇಷನ್ಸ್’ ಸಭಾಂಗಣ ನೆಲಸಮವಾದ ಬಗೆಯನ್ನು ಇಲ್ಲಿ ಮತ್ತೆ ವಿವರಿಸಬೇಕಾಗಿಲ್ಲ. ಆ ಜಾಗದಲ್ಲಿ ಈಗ ಭಾರತ ಮಂಡಪಂ ಸಮ್ಮೇಳನ ಕೇಂದ್ರ ಎದ್ದಿದೆ. 2023ರ ಸೆಪ್ಟೆಂಬರ್‌ನಲ್ಲಿ ಜಿ-20 ರಾಷ್ಟ್ರಗಳ ನಾಯಕರು ಅಲ್ಲಿ ಸೇರಿ ಚದುರಿದ್ದಾರೆ. ಹೊಸದು ನಿಂತ ಮೇಲೆ ಹಳೆಯದರ ವ್ಯಾಜ್ಯ ತೀರಿತೆಂದು ತಿಳಿಯುವವರೇ ಹೆಚ್ಚು. ನಮಗೆ ಹಾಗೆನಿಸುವುದಿಲ್ಲ. ಕಟ್ಟಡವನ್ನು ಮರಳಿ ಪಡೆಯಲಾಗದು, ನಿಜ. ಆದರೆ ಅದನ್ನು ಕೆಡವಲು ಬಳಸಿದ ತರ್ಕ ಇನ್ನೂ ಚಲಾವಣೆಯಲ್ಲಿದೆ. ಎರಡನೆಯ ಮಹಾಯುದ್ಧದ ತರುವಾಯ, ನಮ್ಮಲ್ಲಿ ಸ್ವಾತಂತ್ರ್ಯದ ತರುವಾಯ, ಮೂರು ದಶಕಗಳ ಕಾಲ ಕಟ್ಟಲಾದ ಕಾಂಕ್ರೀಟ್ ಕಟ್ಟಡಗಳ ಒಂದು ಇಡೀ ಪೀಳಿಗೆಯ ಭವಿಷ್ಯ ಅದೇ ತರ್ಕದ ಅಧೀನದಲ್ಲಿದೆ. ಆದ್ದರಿಂದ ಆ ತರ್ಕವನ್ನು ಪರಾಮರ್ಶಿಸಿ ಅದರ ಮೇಲೆ ಒಂದು ತೀರ್ಮಾನಕ್ಕೆ ಬರುವುದು ಅಗತ್ಯ.

ಸ್ವಾತಂತ್ರ್ಯದ ರಜತೋತ್ಸವದ ವರ್ಷದಲ್ಲಿ, ‘ಏಷ್ಯಾ 72’ ವಾಣಿಜ್ಯ ಮೇಳಕ್ಕೆಂದು ಸಿದ್ಧವಾದ ಆ ಸಭಾಂಗಣ 1972ರ ನವೆಂಬರ್ 3ರಂದು ತೆರೆದುಕೊಂಡಿತು. ವಾಸ್ತುಶಿಲ್ಪಿ ರಾಜ್ ರೇವಾಲ್. ರಚನಾ ಎಂಜಿನಿಯರ್ ಮಹೇಂದ್ರ ರಾಜ್. ತ್ರಿಕೋನಗಳ ಹೆಣಿಗೆಯಿಂದ ವಿಶಾಲ ಅವಕಾಶವನ್ನು ಮುಚ್ಚುವ ‘ಸ್ಪೇಸ್ ಫ್ರೇಮ್’ ವಿಧಾನಕ್ಕೆ ಶ್ರೀಮಂತ ದೇಶಗಳು ಉಕ್ಕನ್ನು ಬಳಸುತ್ತಿದ್ದವು. ನಮ್ಮಲ್ಲಿ ಉಕ್ಕು ದುರ್ಲಭವೂ ದುಬಾರಿಯೂ ಆಗಿತ್ತು. ಸಿಮೆಂಟು, ಮರಳು ಮತ್ತು ದುಡಿಯುವ ಕೈಗಳು ಮಾತ್ರ ದೊರೆಯುತ್ತಿದ್ದವು. ಹೀಗಾಗಿ ಅದೇ ಜಾಲವನ್ನು ಸ್ಥಳದಲ್ಲಿಯೇ ಅಚ್ಚು ಕಟ್ಟಿ, ಕೈಯಿಂದ ಕಾಂಕ್ರೀಟ್ ಸುರಿದು, ಎಪ್ಪತ್ತಕ್ಕೂ ಹೆಚ್ಚು ಮೀಟರ್ ಉದ್ದಗಲಕ್ಕೆ ನಡುವೆ ಒಂದೂ ಕಂಬವಿಲ್ಲದಂತೆ ನಿಲ್ಲಿಸಲಾಯಿತು. ಈ ಪ್ರಮಾಣದ ಕಾಂಕ್ರೀಟ್ ಸ್ಪೇಸ್ ಫ್ರೇಮ್ ಜಗತ್ತಿನಲ್ಲಿ ಅದಕ್ಕೆ ಮೊದಲು ಎಲ್ಲಿಯೂ ಇರಲಿಲ್ಲ. ಜಾಲದ ಆಳವೇ ಬಿಸಿಲನ್ನು ತಡೆಯುವ ಜಾಲಂಧ್ರವಾಗಿ ಕೆಲಸ ಮಾಡುತ್ತಿತ್ತು. ಪುಸ್ತಕ ಮೇಳಕ್ಕೆಂದು ದೆಹಲಿಗೆ ಹೋಗುತ್ತಿದ್ದ ಕನ್ನಡದ ಪ್ರಕಾಶಕರಿಗೂ ಆ ಓರೆಗೋಡೆಗಳು ಅಪರಿಚಿತವಲ್ಲ. ಅಭಾವವನ್ನೇ ಆವಿಷ್ಕಾರವಾಗಿ ಪರಿವರ್ತಿಸಿದ ಒಂದು ಬಡ ಗಣರಾಜ್ಯದ ಆತ್ಮವಿಶ್ವಾಸಕ್ಕೆ ಅದಕ್ಕಿಂತ ನೇರವಾದ ದಾಖಲೆ ದೇಶದಲ್ಲಿ ಕೆಲವೇ ಇದ್ದವು.

ಅದನ್ನು ಉಳಿಸಿಕೊಳ್ಳಲು ಮಾರ್ಗಗಳಿರಲಿಲ್ಲವೆಂದಲ್ಲ. ರಾಷ್ಟ್ರೀಯ ಪರಂಪರಾ ಸಂಸ್ಥೆ ಇಂಟ್ಯಾಕ್ 2013ರಲ್ಲಿಯೇ ದೆಹಲಿಯ ಅರವತ್ತಕ್ಕೂ ಹೆಚ್ಚು ಆಧುನಿಕ ಕಟ್ಟಡಗಳ ಪಟ್ಟಿಯೊಂದನ್ನು ಸಲ್ಲಿಸಿ, ಅವುಗಳಿಗೆ ರಕ್ಷಣೆ ಕೋರಿತ್ತು. ಹೊಸ ಸಮ್ಮೇಳನ ಕೇಂದ್ರದ ಯೋಜನೆಯೊಳಗೆ ಹಳೆಯ ಸಭಾಂಗಣವನ್ನೂ ಸೇರಿಸಿಕೊಳ್ಳಬಹುದೆಂದು ಸ್ವತಃ ವಾಸ್ತುಶಿಲ್ಪಿಯೇ ನಿವೇದಿಸಿಕೊಂಡಿದ್ದರು. ಪ್ಯಾರಿಸ್ಸಿನ ಪಾಂಪಿದೂ ಕೇಂದ್ರ ಮತ್ತು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಂಥ ಸಂಸ್ಥೆಗಳಿಂದ ಮನವಿಗಳು ಬಂದಿದ್ದವು. ಆದರೆ 2017ರ ಆರಂಭದಲ್ಲಿ ದೆಹಲಿಯ ಪರಂಪರೆ ಸಂರಕ್ಷಣಾ ಸಮಿತಿ, 60 ವರ್ಷ ತುಂಬದ ಕಟ್ಟಡಗಳನ್ನು ಪರಂಪರೆಯೆಂದು ಪರಿಗಣಿಸಲಾಗದು ಎಂಬ ನಿಲುವು ತಳೆಯಿತು. ಹಾಲ್ ಆಫ್ ನೇಷನ್ಸ್‌ಗೆ ಆಗ ನಲವತ್ತೈದೂ ತುಂಬಿರಲಿಲ್ಲ. ಯೋಗ್ಯತೆಯ ಪ್ರಶ್ನೆಯನ್ನು ವಯಸ್ಸಿನ ಪ್ರಶ್ನೆಯಾಗಿ ಬದಲಿಸಿದ್ದರಿಂದ, ಯೋಗ್ಯತೆಯ ವಿಚಾರಣೆಯೇ ನಡೆಯಲಿಲ್ಲ.

ಈ ನಿಲುವಿನ ಅಸಂಗತತೆಯನ್ನು ತೋರಿಸಲು ದೂರ ಹೋಗಬೇಕಿಲ್ಲ. ಸಭಾಂಗಣ ಬೀಳುವುದಕ್ಕೆ ಒಂಬತ್ತು ತಿಂಗಳ ಹಿಂದೆಯಷ್ಟೇ, 2016ರ ಜುಲೈನಲ್ಲಿ, ಲ ಕಾರ್ಬೂಸಿಯೇ ರೂಪಿಸಿದ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಆ ಗೌರವವನ್ನು ಕೇಂದ್ರ ಸರ್ಕಾರ ಸಂಭ್ರಮದಿಂದಲೇ ಸ್ವೀಕರಿಸಿತ್ತು. ಅಲ್ಲಿನ ವಿಧಾನಸಭೆಯ ಕಟ್ಟಡ ಅರವತ್ತರ ದಶಕದ ಆರಂಭದ್ದು, ‘ತೆರೆದ ಹಸ್ತ’ದ ಸ್ಮಾರಕ ಎದ್ದದ್ದು 1985ರಲ್ಲಿ. ಸಿಡ್ನಿಯ ಒಪೆರಾ ಹೌಸ್ 1973ರಲ್ಲಿ ಉದ್ಘಾಟನೆಗೊಂಡು 2007ರಲ್ಲಿ, ಬ್ರೆಜಿಲಿನ ರಾಜಧಾನಿ ಬ್ರೆಸಿಲಿಯಾ 1960ರಲ್ಲಿ ನೆಲೆಗೊಂಡು 1987ರಲ್ಲಿ ಅದೇ ಪಟ್ಟಿಯನ್ನು ಪ್ರವೇಶಿಸಿದವು. ಬ್ರಿಟನ್ನಿನಲ್ಲಿ ಸಾಮಾನ್ಯ ಮಿತಿ 30 ವರ್ಷ. ಅಪಾಯದ ಅಂಚಿನಲ್ಲಿರುವ ಅಸಾಧಾರಣ ಕಟ್ಟಡಗಳಿಗೆ ಅದೂ ಸಡಿಲಗೊಳ್ಳುತ್ತದೆ. ಅಮೆರಿಕದ 50 ವರ್ಷಗಳ ಸೂತ್ರಕ್ಕೂ ಅಂಥದೇ ವಿನಾಯಿತಿಯುಂಟು. ದೆಹಲಿಯ ಸಮಿತಿಯ ಮಾನದಂಡವನ್ನು ಅನ್ವಯಿಸಿದ್ದರೆ 1956ರಲ್ಲಿ ಪೂರ್ಣಗೊಂಡ ನಮ್ಮ ವಿಧಾನಸೌಧ ಕೂಡ 2016ರ ತನಕ ಪರಂಪರೆಯ ಹೆಸರಿಗೆ ಅರ್ಹವಾಗುತ್ತಿರಲಿಲ್ಲ. ಕೆಂಗಲ್ ಹನುಮಂತಯ್ಯನವರ ಆ ಕೃತಿಯ ಬಗ್ಗೆ ಯಾವ ಕನ್ನಡಿಗನೂ ಪ್ರಾಯದ ದಾಖಲೆ ಕೇಳಿದ್ದು ನಮಗೆ ನೆನಪಿಲ್ಲ.

ಅಸಂಗತತೆ ಹಾಗಿರಲಿ. ಅದಕ್ಕಿಂತ ಗಂಭೀರವಾದ ದೋಷವೊಂದು ಈ ನಿಯಮದಲ್ಲಿದೆ. ಅದು ಕಾಂಕ್ರೀಟಿನ ಗುಣಧರ್ಮಕ್ಕೆ ಸಂಬಂಧಿಸಿದ್ದು. ಹೊಸ ಕಾಂಕ್ರೀಟ್ ತೀವ್ರ ಕ್ಷಾರೀಯ. ಅದರೊಳಗಿನ ಕಬ್ಬಿಣದ ಕಂಬಿಯ ಮೇಲೆ ಆ ಕ್ಷಾರವೇ ಒಂದು ಸೂಕ್ಷ್ಮ ರಕ್ಷಾಕವಚವನ್ನು ಹೊದಿಸಿರುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಮೇಲ್ಮೈಯಿಂದ ವರ್ಷ ವರ್ಷವೂ ಒಳಕ್ಕೆ ಇಳಿಯುತ್ತ ಆ ಕ್ಷಾರವನ್ನು ತಟಸ್ಥಗೊಳಿಸುತ್ತದೆ. ಈ ಪ್ರಕ್ರಿಯೆ ಕಂಬಿಯನ್ನು ತಲುಪಿದ ದಿನ ಕವಚ ಕರಗುತ್ತದೆ. ತೇವ ದೊರೆತರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟ್ ಬಿರಿದು, ಹೋಳುಗಳಾಗಿ ಉದುರುತ್ತದೆ. ಸಮುದ್ರತೀರದಲ್ಲಿ ಉಪ್ಪಿನಂಶ ಈ ಕೆಲಸವನ್ನು ಇನ್ನೂ ಬೇಗ ಮುಗಿಸುತ್ತದೆ. ಎಷ್ಟು ಬೇಗ ಎಂಬುದು ಕಂಬಿಯ ಮೇಲಿನ ಹೊದಿಕೆಯ ದಪ್ಪ, ಮಿಶ್ರಣದ ಗುಣ, ನೀರುಣಿಸುವ ಕ್ಯೂರಿಂಗ್ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡಿದರು ಎಂಬುದರ ಮೇಲೆ ನಿಂತಿರುತ್ತದೆ. ಐವತ್ತು, ಅರವತ್ತು, ಎಪ್ಪತ್ತರ ದಶಕಗಳಲ್ಲಿ ಈ ಹೊದಿಕೆಯ ಮಹತ್ವ ಇಂದಿನಷ್ಟು ತಿಳಿದಿರಲಿಲ್ಲ. ತೆಳುವಾದ ಅಂಗಾಂಗಗಳೇ ಸೊಗಸೆನಿಸಿದ್ದವು. ಹೀಗಾಗಿ ಆ ಕಾಲದ ಬಹುಪಾಲು ಕಟ್ಟಡಗಳಿಗೆ ಮೊದಲ ದೊಡ್ಡ ದುರಸ್ತಿಯ ಅಗತ್ಯ ಬೀಳುವುದು ನಾಲ್ಕೈದು ದಶಕಗಳು ಕಳೆಯುವ ಹೊತ್ತಿಗೆ. ಅಂದರೆ, ಕಟ್ಟಡ ಅತ್ಯಂತ ಕುರೂಪವಾಗಿ ಕಾಣುವ, ದುರಸ್ತಿಯ ವೆಚ್ಚ ಅತ್ಯಂತ ಭಾರವೆನಿಸುವ, ಕೆಡವುವ ಪ್ರಲೋಭನೆ ಪರಾಕಾಷ್ಠೆ ಮುಟ್ಟುವ ಕಾಲಾವಧಿಯಲ್ಲಿಯೇ ಕಾನೂನು ತನ್ನ ಕೈಯನ್ನು ಹಿಂತೆಗೆದುಕೊಂಡಿರುತ್ತದೆ. ಅರವತ್ತು ದಾಟಿ ಉಳಿದವುಗಳಿಗೆ ರಕ್ಷಣೆ ನೀಡುತ್ತೇವೆಂಬ ಮಾತು, ಉಳಿಯಲು ಬಿಡದ ವ್ಯವಸ್ಥೆಯ ಬಾಯಿಂದ ಬಂದಾಗ ಅದಕ್ಕೆ ಬೆಲೆಯಿಲ್ಲ.

ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಹಿಡಿಯುವ ಮುನ್ನ ಮಾಡಿನ ಹೆಂಚುಗಳನ್ನು ಕೈಯಾಡಿಸಿ, ಒಡೆದದ್ದನ್ನು ಬದಲಿಸುವುದು ಪ್ರತಿವರ್ಷದ ಕ್ರಮವಾಗಿತ್ತು. ಹಾಗೆ ಮಾಡದ ಯಜಮಾನ ಮನೆ ಸೋರಿದಾಗ ಹೆಂಚನ್ನು ದೂರುತ್ತಿರಲಿಲ್ಲ. ಕಾಂಕ್ರೀಟ್ ನಮ್ಮ ಊರುಗಳಿಗೆ ಬಂದದ್ದು ಈ ಶ್ರಮದಿಂದ ಬಿಡುಗಡೆ ನೀಡುವ ವಾಗ್ದಾನದೊಂದಿಗೆ: ಒಮ್ಮೆ ತಾರಸಿ ಹಾಕಿದರೆ ಮೂರು ತಲೆಮಾರಿಗೆ ಯೋಚನೆಯಿಲ್ಲ. ಖಾಸಗಿ ಮನೆಯವರು ಈ ಮಾತಿನ ಟೊಳ್ಳನ್ನು ಮೊದಲ ಸೋರಿಕೆಯಲ್ಲೇ ಕಂಡುಕೊಂಡರು. ಸರ್ಕಾರಗಳು ಕಂಡುಕೊಳ್ಳಲಿಲ್ಲ, ಅಥವಾ ಕಂಡೂ ಕಾಣದಂತಿದ್ದವು. ಕಟ್ಟುವುದಕ್ಕೆ ಆಯವ್ಯಯದಲ್ಲಿ ಶೀರ್ಷಿಕೆಯಿದೆ, ಶಂಕುಸ್ಥಾಪನೆಗೆ ಮುಹೂರ್ತವಿದೆ, ಉದ್ಘಾಟನೆಗೆ ಫಲಕವಿದೆ. ಮಳೆನೀರಿನ ಕೊಳವೆ ಸ್ವಚ್ಛಗೊಳಿಸಿದ್ದಕ್ಕೆ ಫಲಕವಿಲ್ಲ. ಒಂದು ಕೊಳವೆ ಕಟ್ಟಿಕೊಂಡು, ನೀರು ಗೋಡೆಗಿಳಿದು, ಪಾಚಿ ಕರಿದಾಗಿ, ಬಿರುಕಿನಲ್ಲಿ ಅರಳಿ ಸಸಿ ಬೇರುಬಿಟ್ಟು, ಒಳಗಿನ ಕಂಬಿ ಬಯಲಾಗುವ ತನಕ ಸಾಗುವ ಈ ಪ್ರಕ್ರಿಯೆಯ ಯಾವ ಹಂತದಲ್ಲಿಯೂ ತಡೆಯಲಾಗದಂಥದ್ದು ಏನೂ ಇಲ್ಲ. ಪ್ರತಿ ಹಂತದಲ್ಲಿಯೂ ಒಂದು ಕಡತ, ಆ ಕಡತದ ಮೇಲೆ ಒಂದು ಸಹಿ, ಆ ಸಹಿಗೆ ಒಬ್ಬ ಅಧಿಕಾರಿ ಇದ್ದಾರೆ.

ಮುಖ್ಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಶಿಥಿಲವಾಗಿದೆ, ಆದ್ದರಿಂದ ಕೆಡವಬೇಕು ಎಂದು ವಾದಿಸುವವರು ಯಾರು? ಬಹುಮಟ್ಟಿಗೆ ಆ ಕಟ್ಟಡದ ಒಡೆಯರೇ. ಮತ್ತು ನಮ್ಮ ದೇಶದಲ್ಲಿ ಈ ಪೀಳಿಗೆಯ ಮಹತ್ವದ ಕಟ್ಟಡಗಳ ಒಡೆಯ ಬಹುಮಟ್ಟಿಗೆ ಸರ್ಕಾರ ಅಥವಾ ಸರ್ಕಾರದ ಅಂಗಸಂಸ್ಥೆ. ಪ್ರಗತಿ ಮೈದಾನದ ಒಡೆತನ ಕೇಂದ್ರ ವಾಣಿಜ್ಯ ಸಚಿವಾಲಯದ ಅಧೀನದ ವ್ಯಾಪಾರ ಉತ್ತೇಜನ ಸಂಸ್ಥೆಯದು. ಅರ್ಹತೆಯನ್ನು ನಿರಾಕರಿಸಿದ ಪರಂಪರೆ ಸಮಿತಿಯನ್ನು ರಚಿಸಿದ್ದು ಅದೇ ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ. ಪಾಲಕ, ಫಿರ್ಯಾದಿ, ನ್ಯಾಯಾಧೀಶ ಈ ಮೂರೂ ಪಾತ್ರಗಳು ಒಂದೇ ಸೂರಿನಡಿ ಸೇರಿದಾಗ, ಆರೋಪಿ ಸ್ಥಾನದಲ್ಲಿ ನಿಲ್ಲುವುದು ಮಾತು ಬಾರದ ಕಟ್ಟಡ ಮಾತ್ರ. ತಾನೇ ಎಸಗಿದ ತಪ್ಪಿನ ಲಾಭವನ್ನು ಯಾರೂ ಪಡೆಯಬಾರದೆಂಬುದು ನ್ಯಾಯಶಾಸ್ತ್ರದ ಅತಿ ಹಳೆಯ ಸೂತ್ರಗಳಲ್ಲೊಂದು. ಬಾಡಿಗೆದಾರರನ್ನು ಎಬ್ಬಿಸಲು ಮನೆಯನ್ನು ಬೇಕೆಂದೇ ಹಾಳುಗೆಡಹುವ ಮಾಲೀಕನಿಗೆ ನ್ಯಾಯಾಲಯಗಳು ಈ ಸೂತ್ರವನ್ನು ನೆನಪಿಸುತ್ತವೆ. ಸಾರ್ವಜನಿಕ ಸ್ವತ್ತಿನ ಪಾಲಕನಿಗೆ ಅದು ಅನ್ವಯಿಸದಿರಲು ನಮಗೆ ಯಾವ ಕಾರಣವೂ ಕಾಣುವುದಿಲ್ಲ. ನಿರ್ವಹಣೆಯ ದಾಖಲೆಯನ್ನು ಮೊದಲು ಮುಂದಿಡದ ಒಡೆಯನ ಬಾಯಿಂದ ಶಿಥಿಲತೆಯ ವಾದವನ್ನು ಯಾವ ಸಮಿತಿಯೂ ಕೇಳಬಾರದು.

ಕುರೂಪದ ವಾದ ಇನ್ನೂ ದುರ್ಬಲವಾದದ್ದು, ಆದರೆ ಜನಪ್ರಿಯವಾದದ್ದು. ಗಾರೆಯಿಲ್ಲದ, ಬಣ್ಣವಿಲ್ಲದ, ಅಚ್ಚಿನ ಹಲಗೆಯ ಗುರುತನ್ನು ಹಾಗೆಯೇ ಉಳಿಸಿಕೊಂಡ ಬೂದುಬಣ್ಣದ ಗೋಡೆ ಅನೇಕರಿಗೆ ಹಿಡಿಸುವುದಿಲ್ಲ. ಅದು ಹಿಡಿಸಲೇಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಮುಂಗಾರಿನ ದೇಶದಲ್ಲಿ ಬರಿಯ ಕಾಂಕ್ರೀಟನ್ನು ಮಳೆಗೊಡ್ಡಿದ ವಾಸ್ತುಶಿಲ್ಪಿಗಳು ಗೋಡೆಯ ಮೇಲೆ ನೀರು ಹರಿಯುವ ಬಗೆಯನ್ನು ಸಾಕಷ್ಟು ಯೋಚಿಸಲಿಲ್ಲವೆಂಬ ಆಕ್ಷೇಪದಲ್ಲಿಯೂ ಹುರುಳಿದೆ. ಆದರೆ ಇಂದು ನಾವು ಕುರೂಪವೆಂದು ಕರೆಯುವುದರಲ್ಲಿ ಎಷ್ಟು ಪಾಲು ಮೂಲ ವಿನ್ಯಾಸದ್ದು, ಎಷ್ಟು ಪಾಲು ಕಿಟಕಿ ಕೊರೆದು ನೇತುಹಾಕಿದ ಎ.ಸಿ. ಪೆಟ್ಟಿಗೆಗಳದ್ದು, ಮೊಗಸಾಲೆ ಮುಚ್ಚಿ ಕಟ್ಟಿದ ಅಲ್ಯುಮಿನಿಯಂ ಕೋಣೆಗಳದ್ದು, ಲೋಕೋಪಯೋಗಿ ಇಲಾಖೆಯ ಗುಲಾಬಿ ಬಣ್ಣದ್ದು ಎಂದು ಬೇರ್ಪಡಿಸಿ ನೋಡುವ ತಾಳ್ಮೆ ಬೇಕು. ಅಭಿರುಚಿ ಪೀಳಿಗೆಯಿಂದ ಪೀಳಿಗೆಗೆ ಹೊರಳುತ್ತದೆ ಎಂಬುದಕ್ಕೆ ಬೆಂಗಳೂರಿಗಿಂತ ಹತ್ತಿರದ ನಿದರ್ಶನ ಬೇಡ. 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯನ್ನು ಕೆಡವಿ ಹೊಸದು ಕಟ್ಟಬೇಕೆಂದು 1980ರ ದಶಕದ ಆರಂಭದಲ್ಲಿ ಸರ್ಕಾರವೇ ಹೊರಟಿತ್ತು. ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಅದು ಉಳಿಯಿತು. ಆ ಕೆಂಪು ಕಟ್ಟಡ ಆಗಲೂ ಇಷ್ಟೇ ಚೆಲುವಾಗಿತ್ತು. ಬದಲಾದದ್ದು ನೋಡುವ ಕಣ್ಣು. ಕೆಡವಿದ ಮೇಲೆ ಕಣ್ಣು ಬದಲಾದರೆ ಪ್ರಯೋಜನವಿಲ್ಲವಾದ್ದರಿಂದಲೇ, ತನ್ನ ಅಭಿರುಚಿಯ ಕುರಿತು ಪ್ರತಿ ಪೀಳಿಗೆಯೂ ಕಿಂಚಿತ್ ಸಂಶಯ ಉಳಿಸಿಕೊಳ್ಳುವುದು ವಿವೇಕ.

ಹಾಲ್ ಆಫ್ ನೇಷನ್ಸ್ ತೆರೆದ ಅದೇ 1972ರಲ್ಲಿ ಲಂಡನ್ನಿನಲ್ಲಿ ಎರಡು ಕಾಂಕ್ರೀಟ್ ವಸತಿ ಸಮುಚ್ಚಯಗಳು ಪೂರ್ಣಗೊಂಡವು. ಪಶ್ಚಿಮದಲ್ಲಿ ಎರ್ನೋ ಗೋಲ್ಡ್‌ಫಿಂಗರ್ ಕಟ್ಟಿದ ಟ್ರೆಲಿಕ್ ಟವರ್, ಪೂರ್ವದಲ್ಲಿ ಅಲಿಸನ್ ಮತ್ತು ಪೀಟರ್ ಸ್ಮಿತ್ಸನ್ ದಂಪತಿ ಕಟ್ಟಿದ ರಾಬಿನ್ ಹುಡ್ ಗಾರ್ಡನ್ಸ್. ಎರಡೂ ಬಡ ಮತ್ತು ಮಧ್ಯಮ ವರ್ಗದ ಬಾಡಿಗೆದಾರರಿಗೆ ಸ್ಥಳೀಯ ಆಡಳಿತ ಕಟ್ಟಿಸಿಕೊಟ್ಟ ಮನೆಗಳು; ಎರಡೂ ಬೇಗನೆ ಕುಖ್ಯಾತಿ ಪಡೆದವು. ಟ್ರೆಲಿಕ್ ಟವರಿನ ಕೆಟ್ಟ ಲಿಫ್ಟು, ಕತ್ತಲೆಯ ಮೆಟ್ಟಿಲು, ಮಾದಕವ್ಯಸನಿಗಳ ಹಾವಳಿಯ ಕತೆಗಳು ಪತ್ರಿಕೆಗಳಿಗೆ ಮೇವಾಗಿದ್ದವು. ಎಂಬತ್ತರ ದಶಕದಲ್ಲಿ ನಿವಾಸಿಗಳು ಸಂಘಟಿತರಾಗಿ ಒತ್ತಾಯಿಸಿದ ಮೇಲೆ ಅಲ್ಲಿಗೆ ಬಾಗಿಲ ಕಾವಲು ಬಂತು, ಕರೆಗಂಟೆಯ ವ್ಯವಸ್ಥೆ ಬಂತು, ದುರಸ್ತಿ ನಡೆಯಿತು. 1998ರಲ್ಲಿ ಅದು ಸಂರಕ್ಷಿತ ಕಟ್ಟಡಗಳ ಉನ್ನತ ದರ್ಜೆಯೊಂದಕ್ಕೆ ಸೇರಿತು. ಅಲ್ಲಿ ಮನೆ ಸಿಗುವುದು ಈಗ ಅದೃಷ್ಟವೆನಿಸಿದೆ. ರಾಬಿನ್ ಹುಡ್ ಗಾರ್ಡನ್ಸ್‌ಗೆ ರಕ್ಷಣೆ ನಿರಾಕರಿಸಲಾಯಿತು. 2017ರಲ್ಲಿ, ನಮ್ಮ ಸಭಾಂಗಣ ಬಿದ್ದ ವರ್ಷವೇ, ಅದರ ಧ್ವಂಸಕಾರ್ಯವೂ ಶುರುವಾಯಿತು. ಕೆಡವುವಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ ಅದರ ಮೂರು ಅಂತಸ್ತಿನ ಒಂದು ತುಂಡನ್ನು ಕೊಂಡು ಕಾಪಾಡಿತು. ಟೋಕಿಯೊದಲ್ಲಿ ಕಿಶೋ ಕುರೊಕಾವಾ ಕಟ್ಟಿದ ನಕಾಗಿನ್ ಕ್ಯಾಪ್ಸೂಲ್ ಟವರ್ ಕೂಡ 1972ರದ್ದು. 2022ರಲ್ಲಿ ಅದನ್ನು ಕಳಚಿದಾಗ ಅದರ ಕೋಣೆಗಳೂ ಸಂಗ್ರಹಾಲಯಗಳ ಪಾಲಾದವು. ಇಡಿಯಾಗಿ ಬೇಡವಾದದ್ದು ಹೋಳಾದ ಮೇಲೆ ಅಮೂಲ್ಯವಾಗುವ ಈ ಪರಿ ವಿಚಿತ್ರವಾದದ್ದು. ಚಂಡೀಗಢದ ಕಚೇರಿಗಳಿಂದ ಗುಜರಿಗೆ ಹೋದ ತೇಗದ ಕುರ್ಚಿಗಳು ಯುರೋಪಿನ ಹರಾಜುಕಟ್ಟೆಗಳಲ್ಲಿ ಲಕ್ಷಾಂತರ ರೂಪಾಯಿ ಗಳಿಸಿದ್ದನ್ನು ಕಂಡವರಿಗೆ ಅದು ಹೊಸದೂ ಅಲ್ಲ.

ಲಂಡನ್ನಿನ ಈ ಎರಡು ಕಟ್ಟಡಗಳ ಪ್ರಾಯ ಒಂದೇ, ಶೈಲಿ ಬಹುತೇಕ ಒಂದೇ. ಮೊದಮೊದಲ ಕುಖ್ಯಾತಿಯೂ ಒಂದೇ ತೆರನಾದದ್ದು. ಒಂದು ಉಳಿದು ಇನ್ನೊಂದು ಅಳಿದದ್ದಕ್ಕೆ ಕಾಂಕ್ರೀಟಿನಲ್ಲಿ ಕಾರಣ ಹುಡುಕಿ ಫಲವಿಲ್ಲ. ಆದರೆ ಇದೇ ಸಂದರ್ಭದಲ್ಲಿ ಸಂರಕ್ಷಣೆಯ ಪಕ್ಷದವರಿಗೂ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ರಾಬಿನ್ ಹುಡ್ ಗಾರ್ಡನ್ಸ್ ಉಳಿಯಬೇಕೆಂದು ಸಹಿ ಹಾಕಿದ ವಿಶ್ವವಿಖ್ಯಾತ ವಾಸ್ತುಶಿಲ್ಪಿಗಳು ಯಾರೂ ಅದರೊಳಗೆ ವಾಸವಿರಲಿಲ್ಲ. ತೇವ ಹಿಡಿದ ಗೋಡೆಯ ಪಕ್ಕ ಮಗುವನ್ನು ಮಲಗಿಸುವ ತಾಯಿಗೆ, ನಿಮ್ಮ ಮನೆ ಆಧುನಿಕ ವಾಸ್ತುವಿನ ಇತಿಹಾಸದ ಒಂದು ಮೈಲಿಗಲ್ಲೆಂದು ಹೊರಗೆ ನಿಂತು ಉಪದೇಶಿಸುವುದು ಅನುಚಿತ. ಪರಂಪರೆಯ ಹೊಣೆಯನ್ನು ಸಮಾಜ ಒಟ್ಟಾಗಿ ಹೊರಬೇಕು. ಅದನ್ನು ಅಲ್ಲಿ ವಾಸಿಸುವ ಬಡವರ ಶ್ವಾಸಕೋಶಗಳ ಮೇಲೆ ಹೇರಬಾರದು. ದುರಸ್ತಿಗೆ ಹಣ ಒದಗಿಸದೆ ಕೇವಲ ‘ಸಂರಕ್ಷಿತ’ವೆಂಬ ಫಲಕ ತೂಗುಹಾಕುವ ಸರ್ಕಾರ, ಕೆಡವುವ ಸರ್ಕಾರಕ್ಕಿಂತ ಉತ್ತಮವೇನಲ್ಲ, ನಿಧಾನವಾಗಿ ಕೆಡವುತ್ತದೆ, ಅಷ್ಟೆ.

ಸುರಕ್ಷತೆಯ ಪ್ರಶ್ನೆಯನ್ನೂ ಲಘುವಾಗಿ ಕಾಣಲಾಗದು. ಅಮೆರಿಕದ ಫ್ಲಾರಿಡಾ ರಾಜ್ಯದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರ ನಸುಕಿನಲ್ಲಿ ಕಡಲತಡಿಯ ಕಾಂಕ್ರೀಟ್ ವಸತಿಗೋಪುರವೊಂದು ಕುಸಿದು 98 ಮಂದಿ ಮೃತಪಟ್ಟರು. ಇಟಲಿಯ ಜೆನೋವಾದಲ್ಲಿ 2018ರ ಆಗಸ್ಟ್ 14ರಂದು ಮೊರಾಂಡಿ ಸೇತುವೆ ಮುರಿದು 43 ಮಂದಿ ಪ್ರಾಣತೆತ್ತರು; 1967ರ ಆ ಸೇತುವೆ ಎಂಜಿನಿಯರಿಂಗ್ ಸಾಹಸವೆಂದೇ ಹೆಸರಾಗಿತ್ತು. ಹೊಗಳಿಕೆ ಕಂಬಿಯ ತುಕ್ಕನ್ನು ತಡೆಯುವುದಿಲ್ಲ. ಜನರ ತಲೆಯ ಮೇಲೆ ಬೀಳಬಹುದಾದ ಸೂರನ್ನು ಯಾವ ಸೌಂದರ್ಯಪ್ರಜ್ಞೆಯೂ ಸಮರ್ಥಿಸಲಾರದು. ಆದರೆ ಈ ದುರಂತಗಳಿಂದ ಹಳೆಯ ಕಾಂಕ್ರೀಟನ್ನೆಲ್ಲ ಕೆಡವಬೇಕೆಂಬ ನಿಗಮನಕ್ಕೆ ಬರುವವರು ಅವುಗಳನ್ನು ಸರಿಯಾಗಿ ಓದಿಲ್ಲ. ಸರ್ಫ್‌ಸೈಡ್‌ನಲ್ಲಿ ನೆಲಹಾಸಿನ ಜಲನಿರೋಧಕ ವ್ಯವಸ್ಥೆ ವಿಫಲವಾಗಿ ಕಾಂಕ್ರೀಟಿಗೆ ಹಾನಿಯಾಗಿರುವುದನ್ನು ಎಂಜಿನಿಯರೊಬ್ಬರ ವರದಿ 2018ರಲ್ಲಿಯೇ ದಾಖಲಿಸಿತ್ತು. ದುರಸ್ತಿ ಮುಂದಕ್ಕೆ ಹೋಗುತ್ತಲೇ ಇತ್ತು. ಜೆನೋವಾದ ಸೇತುವೆಯ ಬಗ್ಗೆ ಅದರ ವಿನ್ಯಾಸಕನೇ ದಶಕಗಳ ಮೊದಲೇ ಎಚ್ಚರಿಸಿದ್ದ. ಅಪಾಯ ತಿಳಿದಿತ್ತು. ಬಲಿಯಾದವರ ಸಾವಿಗೆ ಹೊಣೆ ಕಟ್ಟಡದ ಪ್ರಾಯವಲ್ಲ, ತಿಳಿದೂ ಸುಮ್ಮನಿದ್ದವರ ಮೌನ.

ಅವಸರದ, ಅಪರಿಣತ ದುರಸ್ತಿಯೂ ಅಷ್ಟೇ ಅಪಾಯಕಾರಿ. ನಮ್ಮ ನೆರೆಯ ಗೋವಾದಲ್ಲಿ, ಮಾಂಡವಿ ನದಿಯ ದಂಡೆಯಲ್ಲಿ ಚಾರ್ಲ್ಸ್ ಕೊರಿಯಾ ರೂಪಿಸಿದ ಕಲಾ ಅಕಾಡೆಮಿಯ ಬಯಲು ರಂಗಮಂದಿರದ ಚಾವಣಿ 2023ರ ಜುಲೈಯಲ್ಲಿ ಕುಸಿದುಬಿತ್ತು. ಕುಸಿದದ್ದು ನವೀಕರಣ ನಡೆಯುತ್ತಿದ್ದಾಗಲೇ. ಅಲ್ಲಿನ ಕಲಾವಿದರು ಈ ಕುರಿತು ಕೇಳಿದ ಪ್ರಶ್ನೆಗಳು ಇಂದಿಗೂ ಪ್ರಸ್ತುತ: ಕಟ್ಟಡವನ್ನು ಬಲ್ಲ ತಜ್ಞರು ಎಲ್ಲಿದ್ದರು, ಅವರ ಮಾತಿಗೆ ಎಷ್ಟು ಬೆಲೆ ಸಿಕ್ಕಿತು ಎಂಬಂಥವು. ಕಾಂಕ್ರೀಟಿನ ಸಂರಕ್ಷಣೆ ಇಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದಿದೆ. ಕಳೆದುಹೋದ ಕ್ಷಾರವನ್ನು ಮರುತುಂಬುವ, ಸಣ್ಣ ವಿದ್ಯುತ್ ಪ್ರವಾಹದಿಂದ ಕಂಬಿಯ ತುಕ್ಕನ್ನು ತಡೆಯುವ, ಹಳೆಯ ಮಿಶ್ರಣದ ಬಣ್ಣ ಮತ್ತು ಹಲಗೆಯ ಗೆರೆಗೂ ಹೊಂದುವಂತೆ ತೇಪೆ ಹಾಕುವ ವಿಧಾನಗಳಿವೆ. ಮಾಮೂಲಿ ಟೆಂಡರಿನಲ್ಲಿ ಅತಿ ಕಡಿಮೆ ದರ ನಮೂದಿಸಿದ ಗುತ್ತಿಗೆದಾರನಿಂದ ಇದನ್ನು ಅಪೇಕ್ಷಿಸುವುದು ಕಟ್ಟಡಕ್ಕೂ ಗುತ್ತಿಗೆದಾರನಿಗೂ ಮಾಡುವ ಅನ್ಯಾಯ.

ಉಳಿಸಲು ಬರುವುದಿಲ್ಲವೆಂಬ ವಾದಕ್ಕೆ ಅಹಮದಾಬಾದಿನ ಐಐಎಂ ಆವರಣವೇ ಉತ್ತರ. ಲೂಯಿ ಕಾನ್ ಕಟ್ಟಿದ ಅಲ್ಲಿನ ವಿಕ್ರಂ ಸಾರಾಭಾಯಿ ಗ್ರಂಥಾಲಯವನ್ನು ಬೃಂದಾ ಸೋಮಯ ಅವರ ಸಂಸ್ಥೆ ಪುನರುಜ್ಜೀವಗೊಳಿಸಿ 2019ರಲ್ಲಿ ಯುನೆಸ್ಕೋದ ಪ್ರಶಸ್ತಿ ಪಡೆಯಿತು. ಮರುವರ್ಷದ ಡಿಸೆಂಬರಿನಲ್ಲಿಯೇ ಅದೇ ಆವರಣದ, ಅದೇ ಕೈಯ 18 ವಸತಿ ನಿಲಯಗಳಲ್ಲಿ 14ನ್ನು ಕೆಡವುವ ಪ್ರಸ್ತಾವ ಹೊರಬಿತ್ತು. ಜಗತ್ತಿನೆಲ್ಲೆಡೆಯಿಂದ ಆಕ್ಷೇಪ ಬಂದ ಮೇಲೆ ಹೊಸ ವರ್ಷದ ಮೊದಲ ದಿನ ಅದನ್ನು ಹಿಂಪಡೆಯಲಾಯಿತು. 2022ರ ನವೆಂಬರಿನಲ್ಲಿ ಆಡಳಿತ ಮತ್ತೆ ಕೆಡವಿ ಕಟ್ಟುವ ನಿರ್ಧಾರಕ್ಕೇ ಮರಳಿತು. ಆ ನಿಲಯಗಳು ಮುಖ್ಯವಾಗಿ ಇಟ್ಟಿಗೆಯವು, ಆದರೆ ಅವುಗಳ ವಿರುದ್ಧ ಮಂಡಿಸಿದ ವಾದ ನಾವು ಚರ್ಚಿಸುತ್ತಿರುವುದೇ: ಸೋರಿಕೆ, ಬಿರುಕು, ಒಳಗಿನ ಕಂಬಿಗೆ ತುಕ್ಕು. ಒಂದೇ ಅಂಗಳದಲ್ಲಿ ಗ್ರಂಥಾಲಯಕ್ಕೆ ಸಾಧ್ಯವಾದದ್ದು ವಸತಿ ನಿಲಯಗಳಿಗೆ ಏಕೆ ಅಸಾಧ್ಯವೆಂಬುದನ್ನು ತೃಪ್ತಿಕರವಾಗಿ ಯಾರೂ ವಿವರಿಸಿಲ್ಲ.

ಕುರೂಪ, ಶಿಥಿಲ, ಅನುಪಯುಕ್ತ ಎಂಬ ಮಾತುಗಳ ಹಿಂದೆ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣ ಅಡಗಿರುವುದುಂಟು. ಅದು ನೆಲದ ಬೆಲೆ. ಈ ಕಟ್ಟಡಗಳು ಎದ್ದಾಗ ಊರಿನ ಅಂಚಿನಲ್ಲಿದ್ದವು, ಇಂದು ಹೃದಯಭಾಗದಲ್ಲಿವೆ. ದೆಹಲಿಯ ಚಾಣಕ್ಯ ಚಿತ್ರಮಂದಿರ 1970ರಲ್ಲಿ ಕಟ್ಟಿದ್ದು, 2008ರಲ್ಲಿ ಕೆಡವಿದ್ದು. ಆ ಜಾಗದಲ್ಲಿ ಈಗ ಮಾಲ್ ಇದೆ. ನೆಲದ ಬೆಲೆಯನ್ನು ಪರಿಗಣಿಸುವುದು ಪಾಪವಲ್ಲ. ಪರಿಗಣಿಸಿಯೂ ಅದನ್ನು ಸೌಂದರ್ಯ ಅಥವಾ ಸುರಕ್ಷತೆಯ ಹೆಸರಿನಲ್ಲಿ ಮರೆಮಾಚುವುದು ಅಪ್ರಾಮಾಣಿಕತೆ. ಲೆಕ್ಕ ಹಾಕುವುದೇ ಆದರೆ ಪೂರ್ಣವಾಗಿ ಹಾಕಬೇಕು. ಜಗತ್ತಿನ ಇಂಗಾಲದ ಡೈಆಕ್ಸೈಡ್ ವಿಸರ್ಜನೆಯಲ್ಲಿ ಸುಮಾರು ಶೇ 7ರಿಂದ 8ರಷ್ಟು ಸಿಮೆಂಟ್ ಉತ್ಪಾದನೆಯಿಂದಲೇ ಬರುತ್ತಿದೆ. ನಿಂತಿರುವ ಕಾಂಕ್ರೀಟಿಗಾಗಿ ಆ ಬೆಲೆಯನ್ನು ಅರ್ಧ ಶತಮಾನದ ಹಿಂದೆಯೇ ತೆತ್ತಾಗಿದೆ. ಅದನ್ನು ಪುಡಿಗಟ್ಟಿ ಹೊಸದಾಗಿ ಸುರಿಯುವ ಪ್ರತಿ ಯೋಜನೆಯೂ ಅದೇ ಬೆಲೆಯನ್ನು ಮುಂದಿನವರ ಖಾತೆಗೆ ಇನ್ನೊಮ್ಮೆ ಬರೆಯುತ್ತದೆ.

ಹಾಗೆಂದು ಆ ಕಾಲದ ಪ್ರತಿಯೊಂದು ಕಾಂಕ್ರೀಟ್ ಪೆಟ್ಟಿಗೆಯೂ ಪರಂಪರೆಯೆಂದು ನಾವು ಹೇಳುತ್ತಿಲ್ಲ. ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಒಂದೇ ನಕ್ಷೆಯಿಂದ ಊರೂರಿಗೆ ಅಚ್ಚೊತ್ತಿದ ವಸತಿಗೃಹಗಳು, ಕಚೇರಿಗಳು, ಬಸ್ ನಿಲ್ದಾಣಗಳ ಪೈಕಿ ಬಹುಪಾಲು ತಮ್ಮ ಕೆಲಸ ಮುಗಿಸಿ ಗೌರವದಿಂದ ನಿರ್ಗಮಿಸಬಹುದು. ರಚನೆಯಲ್ಲಿ ಹೊಸದೊಂದನ್ನು ಸಾಧಿಸಿದ, ಒಂದು ಕಾಲದ ಸಾಮೂಹಿಕ ಸಂಕಲ್ಪವನ್ನು ಬೇರೆ ಯಾವ ದಾಖಲೆಗಿಂತಲೂ ಸ್ಪಷ್ಟವಾಗಿ ನುಡಿಯುವ, ಜನರ ಬದುಕಿನ ಬಳಕೆಯಲ್ಲಿ ಬೆರೆತುಹೋದ ಕಟ್ಟಡಗಳ ಸಂಖ್ಯೆ ದೊಡ್ಡದಲ್ಲ. ಅವುಗಳನ್ನು ಆರಿಸುವುದು ಕಷ್ಟಕರವಾದ, ವಾದವಿವಾದಕ್ಕೆ ಎಡೆಯಿರುವ ಕೆಲಸ. ಆ ಕಷ್ಟವನ್ನು ತಪ್ಪಿಸಿಕೊಳ್ಳಲೆಂದೇ ಸಮಿತಿಗಳು ಪ್ರಾಯದ ಗೆರೆಯ ಹಿಂದೆ ಅಡಗುತ್ತವೆ. ಆರಿಸಿದ ಮೇಲೂ ಅವು ಗಾಜಿನ ಪೆಟ್ಟಿಗೆಯಲ್ಲಿಟ್ಟ ವಸ್ತುಗಳಾಗಬೇಕಿಲ್ಲ. ಹೊಸ ಬಳಕೆಗೆ ಹೊಂದಿಕೊಳ್ಳಲಿ, ಒಳಗೆ ಬೇಕಾದಷ್ಟು ಬದಲಾಗಲಿ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಪಾರ್ಕ್ ಹಿಲ್ 1998ರಲ್ಲಿ ಸಂರಕ್ಷಿತ ಪಟ್ಟಿಗೆ ಸೇರಿದ ಮೇಲೆ ಅದರ ಚೌಕಟ್ಟನ್ನಷ್ಟೇ ಉಳಿಸಿ ಗೋಡೆಗಳನ್ನು ಬಣ್ಣದ ಫಲಕಗಳಿಂದ ಹೊಸದಾಗಿ ತುಂಬಿದ್ದು ಎಲ್ಲರಿಗೂ ರುಚಿಸಲಿಲ್ಲ, ಹಳೆಯ ಬಡ ಬಾಡಿಗೆದಾರರಲ್ಲಿ ಬಹುಪಾಲು ಮಂದಿ ಅಲ್ಲಿಗೆ ಮರಳಲೂ ಇಲ್ಲ. ಆದರೆ ಕಟ್ಟಡ ನಿಂತಿದೆ, ಜನ ವಾಸಿಸುತ್ತಿದ್ದಾರೆ.

ದೆಹಲಿಯ ಸಮಿತಿ ತನ್ನ ಅರವತ್ತರ ಗೆರೆಯನ್ನು ಅಳಿಸಬೇಕು. ಕೆಡವುವ ಅರ್ಜಿಯೊಂದಿಗೆ ಕನಿಷ್ಠ ಎರಡು ದಶಕಗಳ ನಿರ್ವಹಣಾ ವೆಚ್ಚದ ವಿವರವನ್ನೂ, ಒಡೆಯನಿಂದ ನೇಮಕವಾಗದ ಎಂಜಿನಿಯರರ ವರದಿಯನ್ನೂ ಕಡ್ಡಾಯವಾಗಿ ಕೇಳಬೇಕು. ಆ ವರದಿ ಬಹಿರಂಗವಾಗುವ ತನಕ ಒಂದು ಸುತ್ತಿಗೆಯ ಏಟೂ ಬೀಳಬಾರದು. ಕರ್ನಾಟಕದ ಕರ್ತವ್ಯವೂ ಇದಕ್ಕಿಂತ ಕಡಿಮೆಯದಲ್ಲ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಒಂದು ಕಾಲಕ್ಕೆ ಊರಿಗೇ ಎತ್ತರವೆನಿಸಿದ್ದ ಯುಟಿಲಿಟಿ ಬಿಲ್ಡಿಂಗ್, ಅಂಬೇಡ್ಕರ್ ಬೀದಿಯ ಬಹುಮಹಡಿ ಕಟ್ಟಡ, ಕೊರಿಯಾ ಅವರೇ ರೂಪಿಸಿದ ವಿಶ್ವೇಶ್ವರಯ್ಯ ಟವರ್ ಇವೆಲ್ಲ ಈಗ ಆ ನಿರ್ಣಾಯಕ ಪ್ರಾಯದಲ್ಲಿವೆ. ಇವುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬಹುದು ಎಂಬ ಬಗ್ಗೆ ಪ್ರಾಮಾಣಿಕ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ಆದರೆ ಆ ಚರ್ಚೆ ನಡೆಯಬೇಕಾದದ್ದು ಈಗ, ಕಡತಗಳು ತೆರೆದಿರುವಾಗ. ರಾಜ್ಯದ ಒಡೆತನದಲ್ಲಿರುವ ಈ ಪೀಳಿಗೆಯ ಕಟ್ಟಡಗಳ ಪಟ್ಟಿಯನ್ನು, ಪ್ರತಿಯೊಂದರ ರಚನಾ ಸ್ಥಿತಿಯನ್ನು, ಕಳೆದ ಇಪ್ಪತ್ತು ವರ್ಷಗಳಲ್ಲಿ ಅದರ ದುರಸ್ತಿಗೆ ಖರ್ಚಾದ ಮೊತ್ತವನ್ನು ಲೋಕೋಪಯೋಗಿ ಇಲಾಖೆ ಮುಂದಿನ ವಿಧಾನಮಂಡಲ ಅಧಿವೇಶನದಲ್ಲಿ ಸದನದ ಮುಂದಿಡಲಿ.